ರೆಸ್ಕ್ಯೂ ನಾಯಿ ದತ್ತು: ಫೈಲಿನಲ್ಲಿರುವ ನಾಯಿಯೂ ಮನೆಗೆ ಬರುವ ನಾಯಿಯೂ

ರಕ್ಷಿಸಿ ತಂದ ನಾಯಿಗಳನ್ನು ದತ್ತು ಕೊಡುವ ಸಂಸ್ಥೆಗಳ ಸೇವೆಗೆ ನನ್ನ ರೇಟಿಂಗ್ ಐದಕ್ಕೆ ನಾಲ್ಕು. ಒಂದು ಅಂಕ ಕಡಿಮೆಯಾಗಿದ್ದು ನಾಯಿಯ ಜೊತೆ ಬರುವ ವಿವರಣೆಯಿಂದ. "ಶಾಂತ ಸ್ವಭಾವ, ಸುಮಾರು ಎರಡು ವರ್ಷ, ಮಕ್ಕಳೊಂದಿಗೆ ಹೊಂದಿಕೊಳ್ಳುತ್ತದೆ, ಲ್ಯಾಬ್ ಮಿಕ್ಸ್ (ಲ್ಯಾಬ್ರಡಾರ್ ಮಿಶ್ರತಳಿ)" ಅಂತ ಬರೆದಿರುತ್ತಾರೆ. ಮೋಸ ಮಾಡುವ ಉದ್ದೇಶ ಬಹುತೇಕ ಇರುವುದಿಲ್ಲ. ಬರೆದವರು ನೋಡಿದ್ದು ಶೆಲ್ಟರಿನ ಗೂಡಿನಲ್ಲಿ ಮುದುಡಿ ಮಲಗಿದ್ದ ನಾಯಿಯನ್ನು, ಅಷ್ಟೇ. ಮೂರು ವಾರ ಕಳೆದ ಮೇಲೆ ಸೋಫಾದ ಮೇಲೆ ಕಾಲು ಚಾಚಿ ಮಲಗಿ, ಕಾಲಿಂಗ್ ಬೆಲ್ ಆದೊಡನೆ ಬಾಗಿಲಿಗೆ ನುಗ್ಗುವ ನಾಯಿಯ ಪರಿಚಯ ಅವರಿಗೂ ಇಲ್ಲ. ಆದ್ದರಿಂದ ಈ ಸೇವೆಯನ್ನು ಅಳೆಯುವಾಗ ಕೇಳಬೇಕಾದ್ದು ಎರಡು: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳುತ್ತಾರಾ? ನಾಯಿ ಕೈ ಸೇರಿದ ಮೇಲೂ ಫೋನ್ ಎತ್ತುತ್ತಾರಾ?

ಅರ್ಜಿಯ ಹಂತದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಫಾರಂ, ಫೋನಿನಲ್ಲಿ ಮಾತು, ಮನೆ ಪರಿಶೀಲನೆ, ಭೇಟಿ, ಒಪ್ಪಂದಕ್ಕೆ ಸಹಿ. ಮನೆ ನೋಡಲು ಬಂದವರು ಕಾಂಪೌಂಡಿನ ಎತ್ತರ, ಗೇಟಿನ ಸರಳುಗಳ ನಡುವಿನ ಸಂದಿ, ಬಾಲ್ಕನಿ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ, ಇಷ್ಟನ್ನು ನೋಡುತ್ತಾರೆ. ಸಂದಿಯ ವಿಷಯದಲ್ಲಿ ಅವರ ಹಠಕ್ಕೆ ಅರ್ಥವಿದೆ: ಸಣಕಲು ನಾಯಿಯ ತಲೆ ತೂರಿದ ಕಡೆ ಮೈಯೂ ತೂರುತ್ತದೆ. ಫಾರಂನಲ್ಲಿ ಪುಟಗಟ್ಟಲೆ ಪ್ರಶ್ನೆ ಕೇಳಿ ವಾರಗಟ್ಟಲೆ ಉತ್ತರ ಕೊಡದೇ ಇರುವುದು ಮಾತ್ರ ಈ ವಲಯದ ಹಳೇ ರೋಗ. ಹೆಚ್ಚಿನವರು ಸ್ವಯಂಸೇವಕರು, ಕೆಲಸ ಮುಗಿಸಿ ಬಂದು ರಾತ್ರಿ ಇದನ್ನು ನೋಡುವವರು ಅನ್ನುವುದು ನೆನಪಿದ್ದರೆ ಸಿಟ್ಟು ಅರ್ಧ ಇಳಿಯುತ್ತದೆ.

ಭೇಟಿಗೆ ಒಂದು ಸಲ ಹೋದರೆ ಸಾಲದು. ಎರಡು ಸಲ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ, ನಾಯಿಯನ್ನು ಗೂಡಿನಿಂದ ಹೊರಗೆ ತಂದು ಕನಿಷ್ಠ ಇಪ್ಪತ್ತು ನಿಮಿಷ ನೋಡಬೇಕು. ಸರಳಿನ ಹಿಂದೆ ಬೊಗಳಿ ಹಾರಾಡುವ ನಾಯಿ ಹೊರಗೆ ಬಂದ ಐದು ನಿಮಿಷಕ್ಕೆ ತಣ್ಣಗಾಗುವುದುಂಟು. ಮೂಲೆಯಲ್ಲಿ ಸುಮ್ಮನೆ ಕೂತದ್ದು ಶಾಂತವಾಗಿದೆ ಅಂತಲೇ ಅಲ್ಲ, ಭಯಕ್ಕೆ ಮರಗಟ್ಟಿರಬಹುದು. ಪರೀಕ್ಷೆ ಸುಲಭ: ಬೇಯಿಸಿದ ಮಾಂಸದ ಚೂರೊಂದನ್ನು ನೆಲಕ್ಕೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿಯಿರಿ. ಹಸಿದ ನಾಯಿಯೂ ಅದನ್ನು ಮೂಸದೆ, ತುಟಿ ನೆಕ್ಕುತ್ತ, ಆಕಳಿಸುತ್ತ, ಮುಖ ಆಚೆ ತಿರುಗಿಸಿ ಕೂತರೆ ಅದು ಒತ್ತಡದಲ್ಲಿದೆ. ಅಂಥ ನಾಯಿ ಬೇಡ ಅಂತಲ್ಲ. ಅದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು ಅಂತ ಲೆಕ್ಕ ಹಾಕಿಕೊಂಡೇ ಒಪ್ಪಿಕೊಳ್ಳಬೇಕು.

ಶೆಲ್ಟರಿನ ನಾಯಿಗಿಂತ ಫಾಸ್ಟರ್ ಮನೆಯಲ್ಲಿ, ಅಂದರೆ ದತ್ತು ಆಗುವವರೆಗೆ ತಾತ್ಕಾಲಿಕವಾಗಿ ಸಾಕುವವರ ಮನೆಯಲ್ಲಿ, ಇದ್ದ ನಾಯಿಯ ವಿವರ ಎಷ್ಟೋ ಪಾಲು ನಂಬಿಕೆಗೆ ಅರ್ಹ. ರಾತ್ರಿ ಎಲ್ಲಿ ಮಲಗುತ್ತದೆ, ಮಿಕ್ಸಿ ಸದ್ದಿಗೆ ಏನು ಮಾಡುತ್ತದೆ, ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ ಅಂತ ನೋಡಿದವರು ಅಲ್ಲಿದ್ದಾರೆ. "ನಾಯಿ ಒಳ್ಳೆಯದಾ?" ಅಂತ ಕೇಳಿದರೆ "ತುಂಬಾ ಒಳ್ಳೆಯದು" ಅನ್ನುವ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. ಕೊನೆಯ ಸಲ ಗುರ್ ಅಂದದ್ದು ಯಾವಾಗ, ಯಾವುದರ ಎದುರು? ಹಿಂದೆ ಯಾರಾದರೂ ದತ್ತು ತೆಗೆದುಕೊಂಡು ವಾಪಸ್ ತಂದಿದ್ದರಾ, ಯಾಕೆ? ಹೀಗೆ ಕೇಳಬೇಕು. ಒಳ್ಳೆಯ ಸಂಸ್ಥೆ ಇದಕ್ಕೆ ಮುಖ ಸಿಂಡರಿಸುವುದಿಲ್ಲ.

ವಯಸ್ಸು ಮತ್ತು ತಳಿಯ ಕಾಲಂ ಅನ್ನು ಅರ್ಧಕ್ಕೆ ನಂಬಿ. ಸುಮಾರು ಏಳು ತಿಂಗಳಿಗೆ ನಾಯಿಯ 42 ಶಾಶ್ವತ ಹಲ್ಲುಗಳೂ ಬಂದಿರುತ್ತವೆ. ಅಲ್ಲಿಯವರೆಗೆ ಹಲ್ಲು ನೋಡಿ ಹೇಳುವ ವಯಸ್ಸು ಸಾಕಷ್ಟು ಸರಿ. ಆಮೇಲೆ ಸವೆತ ಮತ್ತು ಕಿಟ್ಟ ನೋಡಿ ಹಾಕುವ ಅಂದಾಜು ಮಾತ್ರ. ಕಲ್ಲು ಕಡಿಯುವ ಚಟವಿದ್ದ ಎರಡು ವರ್ಷದ ನಾಯಿಗೆ ಐದು ವರ್ಷದ ಹಲ್ಲಿರುತ್ತದೆ. ಬಣ್ಣ, ಕಿವಿ ನೋಡಿ ಹೇಳುವ ತಳಿಯಂತೂ ಊಹೆಯೇ.

ಇನ್ನು ಕಾಗದಪತ್ರ. "ಎಲ್ಲಾ ಲಸಿಕೆ ಆಗಿದೆ" ಅನ್ನುವ ಬಾಯಿಮಾತಿಗೆ ಬೆಲೆಯಿಲ್ಲ. ಲಸಿಕೆ ಪುಸ್ತಕದಲ್ಲಿ ಬಾಟಲಿಯ ಸ್ಟಿಕರ್, ಬ್ಯಾಚ್ ಸಂಖ್ಯೆ, ದಿನಾಂಕ, ವೈದ್ಯರ ಸಹಿ ಇರಬೇಕು. ಇಲ್ಲದಿದ್ದರೆ ಆಗಿಲ್ಲ ಅಂತಲೇ ಹಿಡಿದು ಪಶುವೈದ್ಯರು ಮೊದಲಿನಿಂದ ಶುರು ಮಾಡುತ್ತಾರೆ. ಮರಿಗಳ ವಿಷಯದಲ್ಲಿ ಎಡವುವುದು ಇಲ್ಲೇ. ಪಾರ್ವೊ, ಡಿಸ್ಟೆಂಪರ್ ಅನ್ನುವ ವೈರಸ್ ರೋಗಗಳ ಲಸಿಕೆ 6–8 ವಾರಕ್ಕೆ ಶುರುವಾಗಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಕನಿಷ್ಠ 16 ವಾರ ತುಂಬುವವರೆಗೆ ನಡೆಯಬೇಕು. ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಮೊದಲ ಚುಚ್ಚುಮದ್ದನ್ನು ಹೊಡೆದುಹಾಕುತ್ತವೆ. ಅವು ಯಾವ ವಾರ ಇಳಿಯುತ್ತವೆ ಅನ್ನುವುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ ಸರಣಿ. ಎರಡು ಡೋಸ್ ಆದ ಹತ್ತು ವಾರದ ಮರಿಯನ್ನು ಧೈರ್ಯವಾಗಿ ಬೀದಿಗೆ ಇಳಿಸಿದರೆ ಪಾರ್ವೊಗೆ ಬಾಗಿಲು ತೆರೆದಂತೆ. ಜಂತುಹುಳದ ಔಷಧಿಯದ್ದೂ ಹೆಸರು, ದಿನಾಂಕ, ಆಗಿನ ತೂಕ ಬೇಕು. ಬಾಲದ ಬುಡದಲ್ಲಿ, ಹಾಸಿಗೆ ಮೇಲೆ ಅಕ್ಕಿಕಾಳಿನಂಥ ತುಣುಕು ಕಂಡರೆ ಅದು ಲಾಡಿಹುಳು. ಎಲ್ಲ ಜಂತುಮಾತ್ರೆಗೂ ಅದು ಸಾಯುವುದಿಲ್ಲ, ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಬೇಕು. ಜೊತೆಗೆ ಚಿಗಟ ಹೋಗದಿದ್ದರೆ ಹುಳ ಮತ್ತೆ ಬರುತ್ತದೆ, ಯಾಕೆಂದರೆ ಅದನ್ನು ಹೊಟ್ಟೆಗೆ ತಲುಪಿಸುವುದೇ ಚಿಗಟ.

ಆರೋಗ್ಯದ ಸಮಸ್ಯೆ ಮನೆಗೆ ಬಂದ ದಿನ ಕಾಣುವುದಿಲ್ಲ. ಪಾರ್ವೊ ಸಾಮಾನ್ಯವಾಗಿ ಮೂರರಿಂದ ಏಳು ದಿನ, ಕೆಲವೊಮ್ಮೆ ಎರಡು ವಾರ ಒಳಗೇ ಕೂತಿರುತ್ತದೆ. ಸಂಸ್ಥೆ ಆರೋಗ್ಯವಂತ ಮರಿಯನ್ನೇ ಕೊಟ್ಟಿರುತ್ತದೆ, ಐದನೇ ದಿನ ಅದು ಮಲಗಿಬಿಡುತ್ತದೆ. ಮರಿ ವಾಂತಿ ಮಾಡಿ, ಮಂಕಾಗಿ, ರಕ್ತಭೇದಿ ಶುರುವಾದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ. ಮನೆ ತೊಳೆಯುವ ಮಾಮೂಲಿ ಫಿನೈಲಿಗೆ ಈ ವೈರಸ್ ಜಗ್ಗುವುದಿಲ್ಲ. ಮೊದಲು ಕೊಳೆ ತೆಗೆದು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ನೆನೆಯಲು ಬಿಡಬೇಕು. ಗಂಟಲಲ್ಲಿ ಮೂಳೆ ಸಿಕ್ಕಿದ ಹಾಗೆ ಕ್ಯಾಕರಿಸುವ ಕೆಮ್ಮು ಬಹುಪಾಲು ಕೆನೆಲ್ ಕಾಫ್ ಅನ್ನುವ ಸಾಂಕ್ರಾಮಿಕ ಕೆಮ್ಮು. ನಾಯಿ ಗೆಲುವಾಗಿದ್ದು ಊಟ ಮಾಡುತ್ತಿದ್ದರೆ ಅದಕ್ಕೆ ಹೆದರಬೇಕಿಲ್ಲ, ಆದರೆ ಬೇರೆ ನಾಯಿಗಳಿಂದ ದೂರ ಇಡಬೇಕು.

ದೊಡ್ಡ ನಾಯಿಗಳಲ್ಲಿ ಉಣ್ಣಿ ಕಚ್ಚಿ ಬರುವ ಜ್ವರದ (ಟಿಕ್ ಫೀವರ್) ಬಗ್ಗೆ ಎಚ್ಚರವಿರಲಿ. ಉಣ್ಣಿಯಿಂದ ಬರುವ ಎರ್ಲಿಕಿಯಾ ಅನ್ನುವ ರೋಗಾಣು ತಗುಲಿದ ನಾಯಿ ತಿಂಗಳುಗಟ್ಟಲೆ ಏನೂ ಆಗದಂತೆ ಓಡಾಡಿಕೊಂಡಿದ್ದು, ಆಮೇಲೆ ಪ್ಲೇಟ್ಲೆಟ್ ಕುಸಿದು ಮೂಗಿನಿಂದ ರಕ್ತ ಬಂದಾಗ ಮನೆಯವರು ಎಚ್ಚೆತ್ತುಕೊಳ್ಳುವುದಿದೆ. ಮನೆಗೆ ಬಂದ ಎರಡು ಮೂರು ದಿನದೊಳಗೆ ತಪಾಸಣೆ, ಅದರಲ್ಲಿ ಸಂಪೂರ್ಣ ರಕ್ತಪರೀಕ್ಷೆ ಇರಲಿ. ಇದಕ್ಕೆ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಬರೆದುಕೊಟ್ಟರೆ ಸಾಮಾನ್ಯವಾಗಿ 28 ದಿನದ ಕೋರ್ಸ್. ಮೂರನೇ ದಿನಕ್ಕೆ ನಾಯಿ ಕುಣಿಯತೊಡಗಿತು ಅಂತ ನಿಲ್ಲಿಸಬಾರದು. ಹೃದಯಹುಳುವಿನ ಪರೀಕ್ಷೆ ನೆಗೆಟಿವ್ ಬಂದರೂ ಆರು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಬೇಕು. ಪರೀಕ್ಷೆಗೆ ಸಿಗುವುದು ಬೆಳೆದ ಹುಳು; ಸೊಳ್ಳೆ ಕಚ್ಚಿ ಸುಮಾರು ಆರು ತಿಂಗಳಾಗದೆ ಅದು ಪತ್ತೆಯಾಗುವುದಿಲ್ಲ. ಇದನ್ನು ಒಪ್ಪಂದದಲ್ಲೇ ಬರೆದುಕೊಡುವ ಸಂಸ್ಥೆಗಳು ತಮ್ಮ ಕೆಲಸ ಬಲ್ಲವರು.

ಹೊಟ್ಟೆ ಕೆಡುವುದಂತೂ ಗ್ಯಾರಂಟಿ. ಅಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ. ಎರಡು ಮೂರು ದಿನ ಅದನ್ನೇ ಹಾಕಿ, ನಂತರ ಹೊಸದನ್ನು ಕಾಲುಭಾಗ, ಅರ್ಧ, ಮುಕ್ಕಾಲು ಅಂತ ಏಳರಿಂದ ಹತ್ತು ದಿನದಲ್ಲಿ ಬದಲಿಸಬೇಕು. "ಪಾಪ, ಎಷ್ಟು ದಿನ ಹಸಿದಿತ್ತೋ" ಅಂತ ಮೊದಲ ರಾತ್ರಿಯೇ ತಟ್ಟೆ ತುಂಬಿಸಿ, ಮಾರನೇ ದಿನ ಇಡೀ ಮನೆ ತೊಳೆದವರ ಸಂಖ್ಯೆ ಸಣ್ಣದೇನಲ್ಲ.

ನಾಯಿ ತಪ್ಪಿಸಿಕೊಳ್ಳುವ ಅಪಾಯ ಮೊದಲ ಕೆಲವು ದಿನಗಳಲ್ಲೇ ಅತಿ ಹೆಚ್ಚು, ಅದೂ ಕಾರಿನಿಂದ ಇಳಿಸುವಾಗ ಮತ್ತು ಮನೆಯ ಮುಂಬಾಗಿಲಲ್ಲಿ. ಕೊರಳ ಬೆಲ್ಟ್ ಕಳಚುವ ಬಗೆ ಹೀಗಿದೆ: ನಾಯಿ ಮುಂಗಾಲು ಊರಿ ನಿಲ್ಲುತ್ತದೆ, ಹಿಡಿದವರು ಮುಂದಕ್ಕೆ ಎಳೆಯುತ್ತಾರೆ, ಅದು ಗದ್ದ ತಗ್ಗಿಸಿ ಕಿವಿ ಹಿಂದಕ್ಕೆ ಒತ್ತಿ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ, ಬೆಲ್ಟ್ ಕಿವಿಯ ಮೇಲೆ ಜಾರಿ ಖಾಲಿಯಾಗಿ ಕೈಗೆ ಬರುತ್ತದೆ. ಎರಡು ಸೆಕೆಂಡಿನ ಕೆಲಸ. ಸಪೂರ ತಲೆಯ ನಾಯಿಗಳಲ್ಲಿ ಇನ್ನೂ ಸಲೀಸು. ಎದೆ, ಬೆನ್ನು ಸುತ್ತಿ ತೊಡಿಸುವ ಮಾಮೂಲಿ ಹಾರ್ನೆಸ್ಸೂ ಹೀಗೇ ಹಿಂದಕ್ಕೆ ಕಳಚುತ್ತದೆ. ಬೇಕಾದ್ದು ಪಕ್ಕೆಲುಬಿನ ಹಿಂದೆ, ಸೊಂಟದ ಹತ್ತಿರ ಮೂರನೇ ಪಟ್ಟಿ ಇರುವ ಹಾರ್ನೆಸ್, ಜೊತೆಗೆ ಎಳೆದಾಗ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟ್. ಎರಡು ತುದಿಗೂ ಕೊಕ್ಕೆ ಇರುವ ಒಂದೇ ಹಗ್ಗದಿಂದ ಎರಡಕ್ಕೂ ಜೋಡಣೆ. ಪಟ್ಟಿಯಡಿ ಎರಡು ಬೆರಳು ಹೋಗುವಷ್ಟು ಸಡಿಲ, ಅದಕ್ಕಿಂತ ಹೆಚ್ಚಿಲ್ಲ. ಸುರುಳಿ ಬಿಚ್ಚಿಕೊಳ್ಳುವ ಹಗ್ಗ ಬೇಡವೇ ಬೇಡ: ಕೈತಪ್ಪಿದರೆ ಆ ಪ್ಲಾಸ್ಟಿಕ್ ಹಿಡಿ ಸದ್ದು ಮಾಡುತ್ತ ಹಿಂದೆಯೇ ಬರುತ್ತದೆ, ನಾಯಿ ಅದಕ್ಕೇ ಹೆದರಿ ಇನ್ನಷ್ಟು ದೂರ ಓಡುತ್ತದೆ.

ತಪ್ಪಿಸಿಕೊಂಡರೆ ಅಟ್ಟಿಸಿಕೊಂಡು ಹೋಗಬೇಡಿ, ಹೆಸರು ಹಿಡಿದು ಕೂಗಬೇಡಿ. ನಾಲ್ಕು ದಿನದ ಹೆಸರು ಅದಕ್ಕೆ ಹೆಸರೇ ಅಲ್ಲ. ಕಣ್ಣಿಗೆ ಕಂಡರೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು ತಿನಿಸು ಚೆಲ್ಲಬೇಕು. ಕಾಣದಿದ್ದರೆ ತಪ್ಪಿಸಿಕೊಂಡ ಜಾಗದಲ್ಲೇ ಅದು ಮಲಗಿದ್ದ ಬಟ್ಟೆಯನ್ನೂ ಊಟವನ್ನೂ ಇಟ್ಟು, ಸದ್ದಡಗಿದ ಹೊತ್ತಿನಲ್ಲಿ ದೂರದಿಂದ ಗಮನಿಸಬೇಕು. ಸಂಸ್ಥೆಗೆ ಆ ಕ್ಷಣವೇ ತಿಳಿಸಿ. ನಾಚಿಕೆಯಿಂದ ಎರಡು ದಿನ ಮುಚ್ಚಿಟ್ಟರೆ ನಷ್ಟ ನಾಯಿಗೆ.

ಮೂರು ದಿನ ಗಾಬರಿ, ಮೂರು ವಾರ ಮನೆಯ ರೀತಿ ಅರಿಯುವುದು, ಮೂರು ತಿಂಗಳಿಗೆ ನೆಲೆ ಅನ್ನುವ ಲೆಕ್ಕವೊಂದಿದೆ. ಕಟ್ಟುನಿಟ್ಟಿನ ನಿಯಮವಲ್ಲ, ಆದರೆ ಮೂರನೇ ವಾರದ ಹೊತ್ತಿಗೆ ದೂರು ಹೆಚ್ಚುವುದು ಮಾತ್ರ ನಿಜ. ಭಯ ಕಳೆದ ನಾಯಿ ತನ್ನದೆಂದುಕೊಂಡದ್ದನ್ನು ಕಾಯಲು ಶುರು ಮಾಡುತ್ತದೆ. ತಟ್ಟೆಯ ಬಳಿ ಯಾರಾದರೂ ಹಾದುಹೋದರೆ ತಿನ್ನುವ ವೇಗ ಏರುತ್ತದೆ, ತಲೆ ತಟ್ಟೆಯೊಳಗೇ ಇದ್ದು ಮೈ ಬಿಗಿಯುತ್ತದೆ, ಕಣ್ಣಿನ ಬಿಳಿ ಅಂಚು ಕಾಣುತ್ತದೆ. ಗುರ್ ಅನ್ನುವುದು ಇದೆಲ್ಲ ಆದ ಮೇಲಿನ ಎಚ್ಚರಿಕೆ. "ಯಾರು ಯಜಮಾನ ಅಂತ ತೋರಿಸಬೇಕು" ಅಂತ ತಟ್ಟೆ ಕಸಿಯುವ ಸಲಹೆ ಈಗಲೂ ಓಡಾಡುತ್ತಿದೆ. ಅದರಿಂದ ನಾಯಿ ಕಲಿಯುವುದು ಎಚ್ಚರಿಕೆ ಕೊಡದೆ ಕಚ್ಚುವುದನ್ನು. ಮಾಡಬೇಕಾದ್ದು ಉಲ್ಟಾ. ನಾಯಿ ಬಿಗಿಯಾಗದಷ್ಟು ದೂರದಲ್ಲಿ ಹಾದುಹೋಗುತ್ತ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಚೂರೊಂದನ್ನು ಅದರತ್ತ ಎಸೆದು ನಿಲ್ಲದೆ ಮುಂದೆ ಹೋಗಬೇಕು. ದಿನಗಳು ಕಳೆದಂತೆ ದೂರ ಕಡಿಮೆ. ಹೆಜ್ಜೆ ಸದ್ದಿಗೆ ತಲೆ ಎತ್ತಿ ಬಾಲ ಆಡಿಸಿದರೆ ಕೆಲಸ ಸರಿಯಾಗಿ ಸಾಗುತ್ತಿದೆ. ಅಲ್ಲಿಯವರೆಗೆ ಮಕ್ಕಳು ಆ ಕೋಣೆಗೇ ಹೋಗಬಾರದು. ಕಚ್ಚಿದ ಇತಿಹಾಸವಿದ್ದರೆ ಮನೆಯವರೇ ಪ್ರಯೋಗ ಮಾಡದೆ ಬಲ್ಲ ತರಬೇತುದಾರರನ್ನು ಕರೆಯಬೇಕು.

ಶೌಚದ ಪಾಠ ಇದಕ್ಕಿಂತ ಸುಲಭ. ದೊಡ್ಡ ನಾಯಿಯಾದರೂ ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ಎದ್ದೊಡನೆ, ಉಂಡೊಡನೆ ಹೊರಗೆ. ತಪ್ಪು ಜಾಗದಲ್ಲಿ ಮಾಡಿದ್ದನ್ನು ಎಂಜೈಮ್ ಇರುವ ಕ್ಲೀನರಿನಿಂದ ಒರೆಸಬೇಕು. ಅಮೋನಿಯಾ ಇರುವುದನ್ನು ಬಳಸಿದರೆ ಅದರ ವಾಸನೆಯೇ ಮತ್ತೆ ಅಲ್ಲಿಗೆ ಕರೆಯುತ್ತದೆ. ಒಂಟಿ ಬಿಡುವ ಅಭ್ಯಾಸವನ್ನು ಅರ್ಧ ನಿಮಿಷದಿಂದ ಶುರು ಮಾಡಿ, ಹಳೇ ಮೊಬೈಲನ್ನು ಕ್ಯಾಮೆರಾ ಮಾಡಿಟ್ಟು ನೋಡಿ. ಬೊಗಳದೆ, ಜೊಲ್ಲು ಸುರಿಸುತ್ತ ಬಾಗಿಲ ಮುಂದೆ ಅತ್ತಿಂದಿತ್ತ ಓಡಾಡುವ ನಾಯಿಯ ಸಂಕಟ ಪಕ್ಕದ ಮನೆಯವರಿಗೆ ಕೇಳಿಸುವುದಿಲ್ಲ.

ಸಂಸ್ಥೆಗಳ ನಡುವಿನ ನಿಜವಾದ ವ್ಯತ್ಯಾಸ ತಿಳಿಯುವುದು ಕೊಟ್ಟ ಮೇಲೆ. ಎರಡನೇ ದಿನ, ಎರಡನೇ ವಾರ, ಎರಡನೇ ತಿಂಗಳು ತಾವಾಗಿ ಫೋನ್ ಮಾಡುವವರಿಗೆ ಪೂರ್ತಿ ಅಂಕ. ಒಪ್ಪಂದದಲ್ಲಿ ವಾಪಸಾತಿಯ ಷರತ್ತನ್ನು ಓದಿ: "ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ ನಮಗೇ ಮರಳಿಸಬೇಕು" ಅಂತಿದ್ದರೆ ಅದು ಒಳ್ಳೆಯ ಲಕ್ಷಣ. "ಏಳು ದಿನದೊಳಗೆ ಮಾತ್ರ" ಅಂತಿದ್ದರೆ ಅನುಮಾನ ಪಡಿ. ಸಮಸ್ಯೆ ಕಾಣಿಸಿಕೊಳ್ಳುವುದೇ ಮೂರನೇ ವಾರ.

ಸಹಿ ಹಾಕುವ ಮುನ್ನ ಮೈಕ್ರೋಚಿಪ್ ಅನ್ನು ಕಣ್ಣೆದುರೇ ಸ್ಕ್ಯಾನ್ ಮಾಡಿಸಿ, 15 ಅಂಕಿಯ ಸಂಖ್ಯೆಯನ್ನು ಪುಸ್ತಕದ ಜೊತೆ ತಾಳೆ ನೋಡಿ. ಭುಜಗಳ ನಡುವೆ ಸಿಗದಿದ್ದರೆ ಪಕ್ಕೆ, ಎದೆ, ಮೊಣಕೈವರೆಗೂ ಸ್ಕ್ಯಾನರ್ ಆಡಿಸಬೇಕು, ಚಿಪ್ ಚರ್ಮದಡಿ ಸರಿಯುವುದುಂಟು. ಅದು ನಾಯಿ ಎಲ್ಲಿದೆ ಅಂತ ತೋರಿಸುವ ಜಿಪಿಎಸ್ ಅಲ್ಲ, ಬರೀ ಒಂದು ಸಂಖ್ಯೆ. ಆ ಸಂಖ್ಯೆಯ ಎದುರು ಯಾರ ಫೋನ್ ನಂಬರ್ ದಾಖಲಾಗಿದೆಯೋ ಅವರಿಗೆ ಕರೆ ಹೋಗುತ್ತದೆ. ದತ್ತು ಕೊಟ್ಟು ವರ್ಷಗಳಾದರೂ ಅಲ್ಲಿ ಸಂಸ್ಥೆಯ ಹೆಸರೇ ಉಳಿದಿರುವುದು, ಆ ನಂಬರ್ ಯಾವತ್ತೋ ಬಂದ್ ಆಗಿರುವುದು ಅಪರೂಪವಲ್ಲ. ವರ್ಗಾವಣೆಯ ಫಾರಂ ಅಲ್ಲೇ ತುಂಬಿಸಿ, ದಾಖಲೆಯಲ್ಲಿ ನಿಮ್ಮ ನಂಬರ್ ಕಂಡ ಮೇಲೇ ನಾಯಿಯನ್ನು ಕಾರಿಗೆ ಹತ್ತಿಸಿ.