ಗ್ರೆನಡಾದಲ್ಲಿ ತರಕಾರಿ: ಶನಿವಾರದ ಸಂತೆಯೋ, ಸೂಪರ್‌ಮಾರ್ಕೆಟ್ಟೋ?

ಓದಿಗೋ ಕೆಲಸಕ್ಕೋ ಕೆರಿಬಿಯನ್ ದ್ವೀಪದೇಶ ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್‌ನಲ್ಲಿ ಐದಾರು ತಿಂಗಳು ಇರುತ್ತೀರಾ? ಹಾಗಾದರೆ ಶನಿವಾರ ಬೆಳಗ್ಗೆ ಬೇಗ ಎದ್ದು ಮಾರ್ಕೆಟ್ ಸ್ಕ್ವೇರ್‌ಗೆ ಹೋಗಿ.

ಅಲ್ಲಿ ಕಾಣುವುದು ನಮ್ಮ ಕರಾವಳಿಯ ತರಕಾರಿಯೇ, ಹೆಸರು ಮಾತ್ರ ಬೇರೆ. ಬ್ರೆಡ್‌ಫ್ರೂಟ್ ಅಂದರೆ ಜೀಗುಜ್ಜೆ. ಕ್ರಿಸ್ಟೋಫೀನ್ ಅಂದರೆ ಸೀಮೆಬದನೆ. ಕಲಲೂ ಅಂತ ಕಟ್ಟು ಕಟ್ಟಿ ಮಾರುವುದು ಕೆಸುವಿನ ಎಲೆ. ಎಳೆಯದು ಆರಿಸಿ, ಹುಣಸೆಹಣ್ಣು ಸೇರಿಸಿದರೆ ಪತ್ರೊಡೆಯೇ ಆಗುತ್ತದೆ! ವರ್ಷದ ಮೊದಲ ತಿಂಗಳುಗಳಲ್ಲಿ ಹಸಿ ತೊಗರಿಕಾಯಿಯೂ ಸಿಗುತ್ತದೆ. ಜಾಸ್ತಿ ಚೌಕಾಸಿಗೆ ಇಳಿಯಬೇಡಿ. ನಗುತ್ತಾ "ಗುಡ್ ಮಾರ್ನಿಂಗ್" ಹೇಳಿ ಮಾತು ಶುರು ಮಾಡಿ, ಅದಿಲ್ಲದೆ ಬೆಲೆ ಕೇಳುವುದು ಅಲ್ಲಿ ಒರಟುತನ.

ಸೂಪರ್‌ಮಾರ್ಕೆಟ್‌ನಲ್ಲಿ ಏಸಿ ಇದೆ, ಕಾರ್ಡ್ ನಡೆಯುತ್ತದೆ. ಆದರೆ ಸೇಬು, ದ್ರಾಕ್ಷಿ, ಬ್ರಾಕೊಲಿ ಎಲ್ಲ ಹೊರಗಿನಿಂದ ಬಂದದ್ದು, ಸಾಗಣೆ ಖರ್ಚೂ ಬೆಲೆಯಲ್ಲೇ ಸೇರಿರುತ್ತದೆ. ಈರುಳ್ಳಿ, ಆಲೂಗಡ್ಡೆಗೆ ಅಲ್ಲಿಗೆ ಹೋದರೂ ನಷ್ಟವಿಲ್ಲ, ಅವು ಎಲ್ಲಿ ಕೊಂಡರೂ ಹೆಚ್ಚಾಗಿ ಆಮದೇ.

ಮೂರನೆಯ ದಾರಿಯೂ ಇದೆ: ಸರ್ಕಾರಿ ಮಾರ್ಕೆಟಿಂಗ್ ಬೋರ್ಡಿನ ಅಂಗಡಿ. ಸ್ಥಳೀಯ ರೈತರ ಮಾಲು. ಸಂತೆಯ ಗದ್ದಲ ಆಗದವರಿಗೆ ಸರಿ.

ತೂಕ ಪೌಂಡಿನಲ್ಲಿ, ಒಂದು ಕಿಲೋಗೆ ಸುಮಾರು 2.2 ಪೌಂಡ್. ಬೆಲೆ ಹೇಳಿದಾಗ ಯಾವ ಡಾಲರ್ ಅಂತ ಕೇಳಿಕೊಳ್ಳಿ. ಒಂದು ಅಮೆರಿಕನ್ ಡಾಲರ್‌ಗೆ 2.70 ಈಸ್ಟ್ ಕೆರಿಬಿಯನ್ ಡಾಲರ್. ಸಂತೆಗೆ ಈ ಸ್ಥಳೀಯ ನೋಟೇ ಒಯ್ಯಿರಿ, ಚಿಲ್ಲರೆಯಾಗಿ.