ಕೋಷ್ಟಕದ ಸಾಲುಗಳಿಗೆ ಬಣ್ಣ: ಬ್ರೌಸರ್‌ನಲ್ಲೇ ಹೋಲಿಸುವ ನಾಲ್ಕು ವಿಧಾನಗಳು

ದಾಸ್ತಾನಿನ ವಿವರವಿರುವ ಒಂದು ವೆಬ್ ಪುಟದಲ್ಲಿ, ‘ಈಗ ಇರುವುದು’ ಎಂಬ ಕಾಲಂನ ಸಂಖ್ಯೆ ‘ಕನಿಷ್ಠ ಇರಬೇಕಾದದ್ದು’ ಎಂಬ ಕಾಲಂನ ಸಂಖ್ಯೆಗಿಂತ ಕಡಿಮೆಯಾದಾಗ ಇಡೀ ಸಾಲು ಎದ್ದು ಕಾಣುವಂತೆ ಮಾಡಬೇಕಿತ್ತು. ಸರ್ವರ್‌ನಿಂದ ಬರುವ ಎಚ್‌ಟಿಎಂಎಲ್ (ಪುಟದ ರಚನೆಯನ್ನು ಬರೆಯುವ ಭಾಷೆ) ಅನ್ನು ತಿದ್ದುವ ಅವಕಾಶ ಆರಂಭದಲ್ಲಿ ನನಗಿರಲಿಲ್ಲವಾದ್ದರಿಂದ ಹೋಲಿಕೆಯೂ ಬಣ್ಣ ಹಚ್ಚುವುದೂ ಬ್ರೌಸರ್‌ನಲ್ಲೇ ನಡೆಯಬೇಕಾಯಿತು. ಇದೇ ಕೆಲಸವನ್ನು ಜೇಕ್ವೆರಿ (ಜಾವಾಸ್ಕ್ರಿಪ್ಟ್ ಬರೆಯುವುದನ್ನು ಸುಲಭಗೊಳಿಸುವ ಲೈಬ್ರರಿ), ಬರಿಯ ಜಾವಾಸ್ಕ್ರಿಪ್ಟ್ (ಬ್ರೌಸರ್‌ನಲ್ಲಿ ನಡೆಯುವ ಪ್ರೋಗ್ರಾಮಿಂಗ್ ಭಾಷೆ), ಸಿಎಸ್‌ಎಸ್ (ಪುಟದ ನೋಟವನ್ನು ನಿರ್ಧರಿಸುವ ನಿಯಮಗಳ ಭಾಷೆ) ಮತ್ತು ಡೇಟಾಟೇಬಲ್ಸ್ (ಕೋಷ್ಟಕಕ್ಕೆ ವಿಂಗಡಣೆ, ಹುಡುಕಾಟ ಸೇರಿಸುವ ಲೈಬ್ರರಿ) ಬಳಸಿ ಬೇರೆಬೇರೆಯಾಗಿ ಮಾಡಿ ನೋಡಿದೆ. ಬಣ್ಣ ಹಚ್ಚುವುದರಲ್ಲಿ ಈ ನಾಲ್ಕರ ನಡುವೆ ಹೆಚ್ಚಿನ ಅಂತರವಿಲ್ಲ; ಕೋಶದೊಳಗಿನ ಮೌಲ್ಯವನ್ನು ಹೇಗೆ ಓದುತ್ತೇವೆ ಎಂಬುದರಲ್ಲೇ ಸರಿ ತಪ್ಪು ನಿರ್ಧಾರವಾಗುತ್ತದೆ.

2006ರಲ್ಲಿ ಜೇಕ್ವೆರಿ ಬಂದಾಗ ಒಂದೊಂದು ಬ್ರೌಸರ್ ಒಂದೊಂದು ರೀತಿ ವರ್ತಿಸುತ್ತಿದ್ದುದರಿಂದ ಅದರ ಅಗತ್ಯ ನಿಜವಾಗಿಯೂ ಇತ್ತು. ಇಂದು ಕೋಷ್ಟಕದ ‘ರೋಸ್’ ಪಟ್ಟಿ, ಸಾಲಿನ ‘ಸೆಲ್ಸ್’ ಪಟ್ಟಿ ಮತ್ತು ‘ಕ್ಲಾಸ್‌ಲಿಸ್ಟ್’ (ಬಣ್ಣದಂಥ ನಿಯಮ ಅನ್ವಯಿಸಲು ಸಾಲಿಗೆ ಕೊಡುವ ಹೆಸರುಗಳ ಪಟ್ಟಿ) ಎಲ್ಲ ಬ್ರೌಸರ್‌ಗಳಲ್ಲೂ ಇರುವುದರಿಂದ ಜೇಕ್ವೆರಿ ಮತ್ತು ಬರಿಯ ಜಾವಾಸ್ಕ್ರಿಪ್ಟ್ ಎರಡರ ಕೋಡ್ ಬಹುತೇಕ ಒಂದೇ ಉದ್ದಕ್ಕೆ ಬರುತ್ತದೆ. ಆದರೆ ಎಣಿಕೆಯಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸ ನನ್ನನ್ನು ಬಹಳ ಹೊತ್ತು ಕಾಡಿತು. ಪ್ರತಿ ಸಾಲಿನ ಮೊದಲ ಕೋಶ ‘ಟಿಎಚ್’ (ಶೀರ್ಷಿಕೆ ಕೋಶ) ಆಗಿದ್ದಾಗ, ಜೇಕ್ವೆರಿಯಲ್ಲಿ ‘ಟಿಡಿ’ (ಸಾಮಾನ್ಯ ಕೋಶ)ಗಳನ್ನಷ್ಟೇ ಹುಡುಕಿ ಎಣಿಸಿದರೆ ಆ ಕೋಶ ಲೆಕ್ಕಕ್ಕೆ ಬರುವುದಿಲ್ಲ, ‘ಸೆಲ್ಸ್’ ಪಟ್ಟಿಯಲ್ಲಿ ಬರುತ್ತದೆ. ಹೀಗಾಗಿ ಒಂದು ಕೋಡ್‌ನ ಕ್ರಮಸಂಖ್ಯೆಯನ್ನು ಇನ್ನೊಂದಕ್ಕೆ ಹಾಗೆಯೇ ತಂದಾಗ ಪಕ್ಕದ ಕಾಲಂ ಹೋಲಿಕೆಗೆ ಸಿಕ್ಕಿತು. ಜೇಕ್ವೆರಿ ಈಗಾಗಲೇ ಪುಟದಲ್ಲಿದ್ದರೆ ಬಳಸಬಹುದು, ಇದಕ್ಕೆಂದೇ ಹೊಸದಾಗಿ ತರುವ ಕಾರಣ ನನಗೆ ಕಾಣಲಿಲ್ಲ.

ಮೌಲ್ಯ ಓದುವ ವಿಷಯಕ್ಕೆ ಬಂದರೆ, ಕೋಶದಿಂದ ಸಿಗುವುದು ಸಂಖ್ಯೆಯಲ್ಲ, ಪಠ್ಯ. ಪಠ್ಯವನ್ನು ಪಠ್ಯದೊಡನೆ ಹೋಲಿಸಿದಾಗ ಜಾವಾಸ್ಕ್ರಿಪ್ಟ್ ಮೊದಲ ಅಕ್ಷರದಿಂದ ನೋಡುತ್ತಾ ಹೋಗುವುದರಿಂದ 9 ಎಂಬುದು 10ಕ್ಕಿಂತ ದೊಡ್ಡದಾಗುತ್ತದೆ. ಹತ್ತು ಇರಬೇಕಾದ ಕಡೆ ಒಂಬತ್ತೇ ಉಳಿದಿದ್ದ ಸಾಲು ನನ್ನ ಮೊದಲ ಪ್ರಯತ್ನದಲ್ಲಿ ಬಣ್ಣವಿಲ್ಲದೆ ಉಳಿಯಿತು. ಪಠ್ಯವನ್ನು ಸಂಖ್ಯೆಯಾಗಿಸುವ ‘ನಂಬರ್’ ಮೂಲಕ ಪರಿವರ್ತಿಸಿದರೆ ಇದು ಸರಿಹೋಗುತ್ತದೆ, ಆದರೆ 1,200 ಎಂದು ಅಲ್ಪವಿರಾಮ ಸಹಿತ ಬರೆದದ್ದು ‘ಎನ್‌ಎಎನ್’ (ಸಂಖ್ಯೆಯಲ್ಲ ಎಂಬ ಗುರುತು) ಆಗುತ್ತದೆ. ಎನ್‌ಎಎನ್ ಜೊತೆ ಹೆಚ್ಚು ಕಡಿಮೆಗಳ ಯಾವ ಹೋಲಿಕೆಯೂ ಸುಳ್ಳೆಂದೇ ಬರುವುದರಿಂದ ದೋಷದ ಸೂಚನೆಯೇ ಇಲ್ಲದೆ ಆ ಸಾಲು ಸುಮ್ಮನೆ ತಪ್ಪಿಹೋಗುತ್ತದೆ. ಸಂಖ್ಯೆಯಾಗಿಸುವ ಇನ್ನೊಂದು ವಿಧಾನವಾದ ‘ಪಾರ್ಸ್‌ಫ್ಲೋಟ್’ ಇನ್ನೂ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ಅಲ್ಪವಿರಾಮದ ಬಳಿ ನಿಂತು ಸಾವಿರದ ಇನ್ನೂರನ್ನು 1 ಎಂದು ಓದಿಬಿಡುತ್ತದೆ. ಖಾಲಿ ಕೋಶವನ್ನು ‘ನಂಬರ್’ ಸೊನ್ನೆಯೆಂದು ತಿಳಿಯುತ್ತದೆ. ಎಣಿಸದೇ ಬಿಟ್ಟದ್ದಕ್ಕೂ ಮುಗಿದುಹೋದದ್ದಕ್ಕೂ ದಾಸ್ತಾನಿನಲ್ಲಿ ಬಹಳ ವ್ಯತ್ಯಾಸವಿದೆ. ‘೧೨’ ಎಂದು ಕನ್ನಡ ಅಂಕಿಗಳಲ್ಲಿ ಬರೆದಿದ್ದರೆ ಅದನ್ನೂ ಮೊದಲು ಪರಿವರ್ತಿಸಿಕೊಳ್ಳಬೇಕು, ಇಲ್ಲವಾದರೆ ಅದೂ ಎನ್‌ಎಎನ್.

ಓದುವುದಕ್ಕೆ ‘ಇನ್ನರ್‌ಟೆಕ್ಸ್ಟ್’ ಮತ್ತು ‘ಟೆಕ್ಸ್ಟ್‌ಕಂಟೆಂಟ್’ ಎರಡನ್ನೂ ಪ್ರಯತ್ನಿಸಿದೆ. ಮೊದಲನೆಯದು ಪರದೆಯ ಮೇಲೆ ಕಾಣುವುದನ್ನಷ್ಟೇ ಕೊಡುವುದರಿಂದ ಬ್ರೌಸರ್ ಪುಟದ ವಿನ್ಯಾಸವನ್ನು ಲೆಕ್ಕ ಹಾಕಬೇಕಾಗುತ್ತದೆ. ಒಂದು ಸಾಲನ್ನು ಓದಿ ಬಣ್ಣ ಹಚ್ಚಿ ಮುಂದಿನದಕ್ಕೆ ಹೋದರೆ ಆ ಲೆಕ್ಕ ಮತ್ತೆ ಮತ್ತೆ ನಡೆಯುತ್ತದೆ. ಎರಡನೆಯದು ಹಗುರ, ಆದರೆ ಕೋಶದಲ್ಲಿ ಅಡಗಿಸಿಟ್ಟ ಪಠ್ಯವಿದ್ದರೆ ಅದನ್ನೂ ಕಾಣುವ ಸಂಖ್ಯೆಗೆ ಅಂಟಿಸಿಯೇ ಕೊಡುತ್ತದೆ.

ಸಿಎಸ್‌ಎಸ್‌ನ ‘ಹ್ಯಾಸ್’ ಆಯ್ಕೆಸೂತ್ರ (ನಿಯಮ ಯಾವ ಭಾಗಕ್ಕೆ ಅನ್ವಯಿಸಬೇಕೆಂದು ಹೇಳುವ ಬರಹ) 2022ರ ಮಾರ್ಚ್‌ನಲ್ಲಿ ಸಫಾರಿ 15.4ಕ್ಕೆ, ಅದೇ ವರ್ಷದ ಆಗಸ್ಟ್‌ನಲ್ಲಿ ಕ್ರೋಮ್ 105ಕ್ಕೆ, 2023ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ 121ಕ್ಕೆ ಬಂದಿತು. ಒಳಗಿನ ಕೋಶದ ಸ್ಥಿತಿ ನೋಡಿ ಹೊರಗಿನ ಸಾಲಿಗೆ ಬಣ್ಣ ಕೊಡಲು ಇದು ಬಹಳ ಸೊಗಸಾಗಿದ್ದು, ಹೊಸ ಸಾಲು ಸೇರಿದ ಕೂಡಲೇ ತಾನಾಗಿ ಅನ್ವಯಿಸುತ್ತದೆ. ಆದರೆ ಅದಕ್ಕೆ ಆಟ್ರಿಬ್ಯೂಟ್ (ಎಚ್‌ಟಿಎಂಎಲ್ ಟ್ಯಾಗ್‌ನೊಳಗೆ ಬರೆಯುವ ಹೆಚ್ಚುವರಿ ಮಾಹಿತಿ) ಕಾಣುತ್ತದೆಯೇ ಹೊರತು ಕೋಶದ ಪಠ್ಯ ಕಾಣುವುದಿಲ್ಲ, ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದೆಂದು ಹೇಳಲೂ ಅದಕ್ಕೆ ಬಾರದು.

ಡೇಟಾಟೇಬಲ್ಸ್ ಪುಟವಿಂಗಡಣೆ ಮಾಡುವಾಗ ಬೇರೆ ಪುಟಗಳ ಸಾಲುಗಳನ್ನು ಡಾಮ್‌ನಿಂದ (ಬ್ರೌಸರ್ ನೆನಪಿನಲ್ಲಿಟ್ಟುಕೊಳ್ಳುವ ಪುಟದ ರಚನೆಯಿಂದ) ಹೊರಗಿಡುವುದರಿಂದ, ಹೊರಗೆ ಬರೆದ ನನ್ನ ಸ್ಕ್ರಿಪ್ಟ್ ಮೊದಲ ಪುಟಕ್ಕೆ ಮಾತ್ರ ಬಣ್ಣ ಹಚ್ಚಿತು. ಅದರದೇ ‘ಕ್ರಿಯೇಟೆಡ್‌ರೋ’ ಕಾಲ್‌ಬ್ಯಾಕ್ (ನಿರ್ದಿಷ್ಟ ಸಮಯಕ್ಕೆ ತಾನಾಗಿ ನಡೆಯುವ ಕೋಡ್) ಸಾಲು ಹುಟ್ಟುವಾಗ ಒಮ್ಮೆ, ‘ರೋಕಾಲ್‌ಬ್ಯಾಕ್’ ಪ್ರತಿ ಬಾರಿ ಚಿತ್ರಿಸುವಾಗಲೂ ನಡೆಯುತ್ತದೆ. ಮೌಲ್ಯಗಳು ಬದಲಾಗುವ ಕೋಷ್ಟಕಕ್ಕೆ ಎರಡನೆಯದೇ ಸರಿ. ವಿಂಗಡಣೆ, ಹುಡುಕಾಟಗಳೂ ಬೇಕಿದ್ದ ದೊಡ್ಡ ಕೋಷ್ಟಕಕ್ಕೆ ನಾನು ಇದನ್ನೇ ಉಳಿಸಿಕೊಂಡೆ.

ಉಳಿದೆಡೆ ನಾನು ಆರಿಸಿದ್ದು ಬರಿಯ ಜಾವಾಸ್ಕ್ರಿಪ್ಟ್. ಮುಂದೆ ಎಚ್‌ಟಿಎಂಎಲ್ ತಿದ್ದುವ ಅವಕಾಶ ಸಿಕ್ಕಾಗ ಎರಡೂ ಸಂಖ್ಯೆಗಳನ್ನು ಅಲ್ಪವಿರಾಮವಿಲ್ಲದೆ ಸಾಲಿನ ಡೇಟಾ ಆಟ್ರಿಬ್ಯೂಟ್‌ಗಳಲ್ಲೇ ಇರಿಸಿದೆ. ಅಂದಿನಿಂದ ಕಾಲಂಗಳ ಕ್ರಮ ಬದಲಾದರೂ ಕೋಡ್ ಮುಟ್ಟಬೇಕಾಗಿ ಬಂದಿಲ್ಲ. ಖಾಲಿಯಿರುವ ಅಥವಾ ಸಂಖ್ಯೆಯಾಗದ ಮೌಲ್ಯಕ್ಕೆ ‘ಪರಿಶೀಲಿಸಿ’ ಎಂಬ ಬೇರೆ ಗುರುತು ಕೊಟ್ಟೆ. ಕ್ಲಾಸ್‌ಲಿಸ್ಟ್‌ನಲ್ಲಿ ಹೆಸರು ಸೇರಿಸುವ ಅಥವಾ ತೆಗೆಯುವ ‘ಟಾಗಲ್’ಗೆ ಹೋಲಿಕೆಯ ಫಲಿತಾಂಶವನ್ನೇ ಎರಡನೆಯ ಆರ್ಗ್ಯುಮೆಂಟ್ ಆಗಿ ಕೊಟ್ಟದ್ದರಿಂದ ದಾಸ್ತಾನು ತುಂಬಿ ಸ್ಕ್ರಿಪ್ಟ್ ಮತ್ತೆ ನಡೆದಾಗ ಹಳೆಯ ಬಣ್ಣ ಅಳಿಯುತ್ತದೆ. ಕೋಶಗಳಿಗೆ ತಮ್ಮದೇ ಹಿನ್ನೆಲೆ ಬಣ್ಣವಿದ್ದರೆ ಸಾಲಿನ ಬಣ್ಣ ಅದರ ಹಿಂದೆ ಮರೆಯಾಗುವುದರಿಂದ ಸಿಎಸ್‌ಎಸ್ ನಿಯಮವನ್ನು ಆ ಸಾಲಿನ ಕೋಶಗಳಿಗೇ ಬರೆದೆ. ಬಣ್ಣವೊಂದರಿಂದಲೇ ಮಾಹಿತಿ ತಿಳಿಸಬಾರದೆಂದು ವೆಬ್ ಪುಟಗಳು ಎಲ್ಲರಿಗೂ ಎಟುಕುವಂತಿರಲು ಇರುವ ಮಾರ್ಗಸೂಚಿ ಡಬ್ಲ್ಯೂಸಿಎಜಿಯ 1.4.1ನೇ ಮಾನದಂಡ ಹೇಳುವುದರಿಂದ ‘ಕಡಿಮೆ ಇದೆ’ ಎಂಬ ಮಾತನ್ನೂ ಸಾಲಿನಲ್ಲಿ ಸೇರಿಸಿದ್ದೆ; ಬ್ರೌಸರ್‌ಗಳು ಹಿನ್ನೆಲೆ ಬಣ್ಣವನ್ನು ಸಾಮಾನ್ಯವಾಗಿ ಮುದ್ರಿಸುವುದಿಲ್ಲವಾದ್ದರಿಂದ ಕಾಗದದ ಮೇಲೆ ಉಳಿದದ್ದು ಆ ಎರಡು ಪದಗಳು ಮಾತ್ರ.