ಕುದುರೆಗೆ ಲಸಿಕೆ: ಸೂಜಿ ತೆಗೆದ ಮೇಲೂ ಲಾಯದಲ್ಲಿ ನಿಲ್ಲುವ ಡಾಕ್ಟರು

ದನ, ಎಮ್ಮೆ, ನಾಯಿಗಳ ಚಿಕಿತ್ಸೆಯಲ್ಲಿ ಪಳಗಿದವರು ಸಿಗುವಷ್ಟು ಸುಲಭವಾಗಿ ಕುದುರೆ ನೋಡಿ ಅಭ್ಯಾಸವಿರುವ ಪಶುವೈದ್ಯರು ಮಲೆನಾಡಿನಲ್ಲಿ ಸಿಗುವುದಿಲ್ಲ. ಗಾಜನೂರಿನ ಆಸುಪಾಸಿನಲ್ಲಿ ಸವಾರಿಗೆಂದು ಕುದುರೆ ಸಾಕಿರುವ ನಮ್ಮಂಥವರ ಲಾಯಕ್ಕೇ ಬಂದು ಲಸಿಕೆ ಹಾಕುವ ಖಾಸಗಿ ವೈದ್ಯರೊಬ್ಬರ ಸೇವೆ ಈಗ ಶಿವಮೊಗ್ಗದಿಂದ ದೊರೆಯುತ್ತಿದ್ದು, ಅದರ ಬಗ್ಗೆ ವಿವರವಾಗಿ ಬರೆಯುವುದು ಅಗತ್ಯವೆನಿಸಿತು.

ಈ ಹಿಂದೆ ನಾವು ಕರೆಸಿದ್ದ ಬೇರೊಬ್ಬರು ಧನುರ್ವಾಯು, ಫ್ಲೂ, ರೇಬೀಸ್ ಮೂರರ ಲಸಿಕೆಯನ್ನೂ ಒಂದೇ ದಿನ, ಕುತ್ತಿಗೆಯ ಒಂದೇ ಬದಿಗೆ ಹಾಕಿ, ಕೈ ತೊಳೆದುಕೊಂಡವರೇ ಬೈಕ್ ಹತ್ತಿದ್ದರು. ಮರುದಿನ ಬೆಳಿಗ್ಗೆ ನಮ್ಮ ಹೆಣ್ಣು ಕುದುರೆಯ ಕುತ್ತಿಗೆ ಬಿಗಿದುಕೊಂಡಿತ್ತು. ಚುಚ್ಚಿದ ಜಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಬಾವು ಎದ್ದು, ಕೈಯಿಟ್ಟರೆ ಬಿಸಿ ತಾಗುತ್ತಿತ್ತು. ಬಕೆಟ್ಟಿನಲ್ಲಿದ್ದ ಹುರುಳಿಯ ವಾಸನೆಗೆ ಮೂಗರಳಿಸುತ್ತಿದ್ದರೂ ತಲೆ ತಗ್ಗಿಸಲಾಗದೆ ಅದು ಸುಮ್ಮನೆ ನಿಂತಿದ್ದನ್ನು ನೋಡುವುದೇ ಕಷ್ಟವಾಗಿತ್ತು. ಫೋನ್ ಮಾಡಿದರೆ ‘ಅದೆಲ್ಲ ಇದ್ದದ್ದೇ’ ಎಂಬ ಉತ್ತರ ಬಂತು.

ಈಗಿನ ಡಾಕ್ಟರು ಸಿರಿಂಜ್ ತೆಗೆಯುವ ಮೊದಲು ಈ ಸಂಗತಿಯನ್ನೆಲ್ಲ ಕೇಳಿ ಬರೆದುಕೊಂಡರು. ಯಾವ ಕಂಪನಿಯ ಲಸಿಕೆ, ಎಷ್ಟು ಹೊತ್ತಿಗೆ ಬಾವು ಬಂತು, ಜ್ವರವಿತ್ತೇ ಎಂದು ಒಂದೊಂದಾಗಿ ವಿಚಾರಿಸಿದರು. ಆಮೇಲೆ ಜ್ವರ ನೋಡಿದರು. ಬೆಳೆದ ಕುದುರೆಯ ಮೈಬಿಸಿ ಸಾಮಾನ್ಯವಾಗಿ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಅದಕ್ಕಿಂತ ಹೆಚ್ಚಿದ್ದರೆ ಅವರು ಅಂದು ಲಸಿಕೆ ಹಾಕುವುದಿಲ್ಲ. ಮೂರನ್ನೂ ಒಟ್ಟಿಗೆ ಕೊಡದೆ ಕೆಲವು ವಾರಗಳ ಅಂತರದಲ್ಲಿ ಹಂಚಿದ್ದರಿಂದ, ಮತ್ತೆ ತೊಂದರೆಯಾದರೆ ಅದು ಯಾವುದರಿಂದ ಎಂದು ಗೊತ್ತಾಗುವಂತಾಯಿತು. ಪೃಷ್ಠಕ್ಕೆ ಚುಚ್ಚಿದರೆ, ಒಂದು ವೇಳೆ ಕೀವುಗಟ್ಟಿದಾಗ ಅದು ಹೊರಬರಲು ದಾರಿ ಸಿಗದೆ ಒಳಗೇ ಉಳಿಯುತ್ತದೆಂಬ ಕಾರಣಕ್ಕೆ ಅವರು ಕುತ್ತಿಗೆಯನ್ನೇ ಆರಿಸುತ್ತಾರೆ.

ಈ ಸೇವೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಲಸಿಕೆ ಹಾಕಿದ ನಂತರದ ಅರ್ಧ ಗಂಟೆಗೆ. ತೀವ್ರ ಅಲರ್ಜಿಗೆ ಕೊಡುವ ಅಡ್ರಿನಾಲಿನ್ ಮದ್ದು ಮತ್ತು ಸಿರಿಂಜನ್ನು ಲಾಯದ ಕಟ್ಟೆಯ ಮೇಲೆ ತೆಗೆದಿಟ್ಟುಕೊಂಡು, ಮಾತಿನ ನಡುವೆಯೂ ಕುದುರೆಯ ಮೇಲಿನ ಕಣ್ಣು ತೆಗೆಯದೆ ಅವರು ಅಲ್ಲೇ ಇದ್ದರು. ತೀವ್ರ ಅಲರ್ಜಿ ಅಪರೂಪವಾದರೂ ಬಂದರೆ ಸಾಮಾನ್ಯವಾಗಿ ನಿಮಿಷಗಳಲ್ಲೇ ಬರುತ್ತದೆ: ಮೈಮೇಲೆ ಪಿತ್ತದ ಗಂಧೆ ಏಳುತ್ತದೆ, ಉಸಿರಾಟ ಕಷ್ಟವಾಗುತ್ತದೆ, ಕುದುರೆ ಕುಸಿಯಲೂಬಹುದು. ಆಗ ಪೇಟೆಯಿಂದ ಡಾಕ್ಟರು ಮತ್ತೆ ಬರುವಷ್ಟು ಸಮಯವಿರುವುದಿಲ್ಲ.

ಸಣ್ಣ ಬಾವು, ಸ್ವಲ್ಪ ಜ್ವರ, ಮಂಕು ಒಂದೆರಡು ದಿನದಲ್ಲಿ ಇಳಿಯುತ್ತವೆ ಎಂದೂ, ಬಾವು ದೊಡ್ಡದಾಗುತ್ತಾ ಹೋದರೆ ಅಥವಾ ಮೇವು ಬಿಟ್ಟರೆ ಕೂಡಲೇ ತಿಳಿಸಬೇಕೆಂದೂ ಲಾಯ ನೋಡಿಕೊಳ್ಳುವ ಹುಡುಗನಿಗೆ ಅವರು ತಿಳಿಯ ಹೇಳಿದರು. ಹುಲ್ಲು, ನೀರನ್ನು ಎದೆಮಟ್ಟಕ್ಕೆ ಎತ್ತರಿಸಿ ಇಡಿಸಿದರು. ಇಷ್ಟು ಸಣ್ಣ ಉಪಾಯವನ್ನು ಹಿಂದಿನವರು ಹೇಳಿದ್ದರೆ ಆ ಪ್ರಾಣಿ ಅಂದು ಹಸಿದಿರಬೇಕಾಗಿರಲಿಲ್ಲ.

ಇಷ್ಟೆಲ್ಲ ತೊಂದರೆಯಿದ್ದರೆ ಲಸಿಕೆಯೇ ಬೇಡವೆನ್ನುವವರು ನಮ್ಮಲ್ಲಿದ್ದಾರೆ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲೂ ಲದ್ದಿಯಲ್ಲೂ ಇರುತ್ತದೆ, ಸಾಕುಪ್ರಾಣಿಗಳಲ್ಲಿ ಅದಕ್ಕೆ ಬಹಳ ಬೇಗ ಬಲಿಯಾಗುವುದು ಕುದುರೆ. ಲಸಿಕೆಯಿಲ್ಲದ ಕುದುರೆಗೆ ಮೊಳೆ ಚುಚ್ಚಿದಾಗ, ಬೇರೆ ಕುದುರೆಗಳ ರಕ್ತದಿಂದ ತಯಾರಿಸಿದ ಸೀರಮ್ ಕೊಡಬೇಕಾಗುತ್ತದೆ. ಅದರಿಂದ ಅಪರೂಪಕ್ಕೆ ವಾರಗಳ ನಂತರ ಯಕೃತ್ತು ಕೆಡುವುದುಂಟು. ಇಂಥ ಕಾಯಿಲೆಯನ್ನು ದಕ್ಷಿಣ ಆಫ್ರಿಕಾದಲ್ಲಿ ಪಶುವೈದ್ಯ ಆರ್ನಾಲ್ಡ್ ಥೈಲರ್ ಸುಮಾರು ಒಂದು ಶತಮಾನದ ಹಿಂದೆಯೇ ಗುರುತಿಸಿದ್ದರು, 2018ರಲ್ಲಿ ಅದಕ್ಕೆ ಸಂಬಂಧಿಸಿದ ವೈರಸ್ ಕೂಡ ಪತ್ತೆಯಾಯಿತು. ರೇಬೀಸಿಗಂತೂ, ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಹಾಗಾಗಿ ಲಸಿಕೆ ಬಿಡುವ ಮಾತೇ ಇಲ್ಲ, ಅದನ್ನು ಯಾರು, ಹೇಗೆ ಹಾಕುತ್ತಾರೆಂಬುದೇ ಮುಖ್ಯ.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡಬೇಕು. ಮಳೆ ಹಿಡಿದರೆ ಕರೆಂಟು ಕೈಕೊಡುವ ನಮ್ಮ ಕಡೆ ಫ್ರಿಜ್ ನಂಬಿ ಕೂರುವಂತಿಲ್ಲವಾದ್ದರಿಂದ, ಇವರು ಐಸ್ ಬಾಕ್ಸ್‌ನೊಳಗೇ ಥರ್ಮಾಮೀಟರ್ ಇಟ್ಟು ತರುತ್ತಾರೆ, ಕೇಳಿದರೆ ತೋರಿಸುತ್ತಾರೆ. ಬ್ಯಾಚ್ ಸಂಖ್ಯೆಯನ್ನು ಕುದುರೆಯ ಕಾರ್ಡಿನಲ್ಲಿ ಬರೆಯುತ್ತಾರೆ. ಹಂಚಿ ಹಾಕುವುದರಿಂದ ಪ್ರತಿ ಭೇಟಿಗೂ ಪ್ರಯಾಣದ ಖರ್ಚು ಬೀಳುತ್ತದೆ, ಅಕ್ಕಪಕ್ಕದ ಲಾಯದವರು ಒಂದೇ ದಿನ ಕರೆಸಿಕೊಂಡರೆ ಅದನ್ನು ಹಂಚಿಕೊಳ್ಳಬಹುದು.

ಕೊರತೆಯೊಂದಿದೆ. ರಾತ್ರಿ ಅವರ ಫೋನ್ ಸಿಗುವುದಿಲ್ಲ, ಬದಲಿಗೆ ಯಾರನ್ನು ಕರೆಯಬೇಕೆಂದು ಹೇಳುವ ವ್ಯವಸ್ಥೆಯೂ ಇಲ್ಲ. ಲಸಿಕೆಯ ಜ್ವರ ಏರುವುದು ಹಲವು ಸಲ ಆ ರಾತ್ರಿಯೇ ಆದ್ದರಿಂದ ಇನ್ನೊಂದು ನಂಬರನ್ನು ಕಾರ್ಡಿನ ಮೇಲೆ ಬರೆದುಕೊಡಬೇಕೆಂದು ಕೇಳಿದ್ದೇನೆ. ಅದಾಗುವವರೆಗೆ ಬೆಳಗಿನ ಸಮಯವನ್ನೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.